ಅಳಿಯನ ಬೈಕಿನ ಮುಂದಿನ ಟೈರಿನ ವಿಚಾರ

ಭಾವನವರಿಗೆ ನಮಸ್ಕಾರ. ಅಳಿಯನ 2016ರ ರಾಯಲ್ ಎನ್‌ಫೀಲ್ಡ್ ಕ್ಲಾಸಿಕ್ 350 ಬೈಕಿನ ಮುಂದಿನ ಚಕ್ರ ಚಾರ್ಮಾಡಿ ಘಾಟಿಯ ಮಳೆಯಲ್ಲಿ ಎರಡು ಸಲ ಜಾರಿತೆಂದೂ, ಈಗಿರುವ 90/90-19 ಟೈರನ್ನು ತೆಗೆಸಿ ಅದಕ್ಕಿಂತ ಅಗಲವಾದ 100/90-19 ಹಾಕಿಸಬಹುದೇ ಎಂದೂ ನಿನ್ನೆ ರಾತ್ರಿ ಗುಂಪಿನಲ್ಲಿ ಕೇಳಿದ್ದಿರಿ. ಮಾತು ಸ್ವಲ್ಪ ಉದ್ದವಾಗುತ್ತದೆ, ಬಿಡುವಾದಾಗ ಅವನನ್ನೂ ಪಕ್ಕದಲ್ಲಿ ಕೂರಿಸಿಕೊಂಡು ಕೇಳಿ.

ನನ್ನನ್ನು ಕೇಳಿದರೆ ಬೇಡ. ಆ ಟೈರು ಆ ಚಕ್ರಕ್ಕೆ ಕೂರುವುದೇ ಇಲ್ಲವೆಂದಲ್ಲ, ಅಂಗಡಿಯವರು ಕೂರಿಸಿ ಕೊಡುತ್ತಾರೆ. ಆದರೆ ಜಾರುವ ಕಾಯಿಲೆಗೆ ಅದು ಮದ್ದಲ್ಲ.

ಅಳತೆಯನ್ನು ಮೊದಲು ನೋಡೋಣ. 90 ಎಂಬುದು ಮಿಲಿಮೀಟರಿನಲ್ಲಿ ಅಗಲ, ಎರಡನೆಯ 90 ಎಂದರೆ ಆ ಅಗಲದ ಶೇಕಡಾ ತೊಂಬತ್ತರಷ್ಟು ಎತ್ತರ, 19 ಎಂಬುದು ಇಂಚಿನಲ್ಲಿ ರಿಮ್ಮಿನ ವ್ಯಾಸ. ಹಾಗಾಗಿ ಅಗಲ ಹೆಚ್ಚಿಸಿದರೆ ಎತ್ತರವೂ ತಾನಾಗಿಯೇ ಹೆಚ್ಚುತ್ತದೆ: ಹಳೆಯ ಟೈರಿನ ಗೋಡೆ 81 ಮಿಲಿಮೀಟರ್, ಹೊಸದರದು 90. ಬೈಕಿನ ಮೂತಿ ಒಂಬತ್ತು ಮಿಲಿಮೀಟರ್ ಮೇಲೇಳುತ್ತದೆ, ಮುಂದಿನ ಚಕ್ರವನ್ನು ಹಿಡಿದಿರುವ ಫೋರ್ಕು ಒಂದಿಷ್ಟು ಹಿಂದಕ್ಕೆ ವಾಲುತ್ತದೆ, ಹ್ಯಾಂಡಲ್ ತಿರುವುಗಳಲ್ಲಿ ಭಾರವೆನಿಸುತ್ತದೆ. ನೇರ ರಸ್ತೆಯಲ್ಲಿ ಇದು ಗೊತ್ತೇ ಆಗದಿರಬಹುದು, ಆದರೆ ಅಳಿಯ ಓಡಿಸುವುದು ಘಾಟಿಯಲ್ಲಿ. ಅವನ ಬೈಕಿನ ಸ್ಪೀಡೋಮೀಟರಿನ ಕೇಬಲ್ಲು ಮುಂದಿನ ಚಕ್ರದಿಂದಲೇ ಬರುವುದರಿಂದ ಮುಳ್ಳು 60 ತೋರಿಸುವಾಗ ನಿಜವಾದ ವೇಗ 61.7ರಷ್ಟಿರುತ್ತದೆ, ಹತ್ತು ಸಾವಿರ ಕಿಲೋಮೀಟರ್ ಓಡಿದಾಗ ಮೀಟರಿನಲ್ಲಿ ಸುಮಾರು 270 ಕಿಲೋಮೀಟರ್ ಕಡಿಮೆ ಬಿದ್ದಿರುತ್ತದೆ. ಆಮೇಲೆ ಮೈಲೇಜ್ ಕಡಿಮೆಯಾಯಿತೆಂದು ಅವನು ಇದೇ ಗುಂಪಿನಲ್ಲಿ ಬಂದು ಕೇಳುತ್ತಾನೆ.

2021ರಲ್ಲಿ ಬಂದ ಹೊಸ ಕ್ಲಾಸಿಕ್‌ನಲ್ಲಿ ಕಂಪನಿಯೇ 100/90-19 ಕೊಟ್ಟಿದೆಯಲ್ಲ ಎಂದು ಅಳಿಯ ವಾದಿಸಿದ್ದಾನೆ. ಕೊಟ್ಟಿರುವುದು ನಿಜ. ಆದರೆ ಅದರ ಚಾಸಿಯೇ, ಅಂದರೆ ಬೈಕಿನ ಚೌಕಟ್ಟೇ ಬೇರೆ, ಫೋರ್ಕಿನ ಕೊಳವೆ 41 ಮಿಲಿಮೀಟರ್ ದಪ್ಪ. ಅವನ ಬೈಕಿನದು 35. ಆ ಟೈರಿಗೆ ತಕ್ಕಂತೆ ಉಳಿದದ್ದನ್ನೆಲ್ಲ ಅಲ್ಲಿ ಮೊದಲೇ ಹೊಂದಿಸಿದ್ದಾರೆ. ಇನ್ನು ರಿಮ್ಮಿನ ಅಗಲವೂ ಇದೆ. 100/90ಕ್ಕೆ ಸಾಮಾನ್ಯವಾಗಿ 2.15ರಿಂದ 2.75 ಇಂಚಿನ ರಿಮ್ ಹೇಳುತ್ತಾರೆ. ರಿಮ್ಮಿನ ಮೇಲೆ 1.85 ಎಂದು ಒತ್ತಿದ್ದರೆ ಅಗಲದ ಟೈರು ಕೆಳಗೆ ಚಿವುಟಿಕೊಂಡು ಮೇಲೆ ಉಬ್ಬಿ ನಿಲ್ಲುತ್ತದೆ, ವಾಲಿದಾಗ ಪಕ್ಕಕ್ಕೆ ತೂಗಾಡುತ್ತದೆ.

ನಾನೇ ಒಮ್ಮೆ ಈ ಕೆಲಸ ಮಾಡಿದ್ದೆ, ಅಕ್ಕನಿಗೆ ನೆನಪಿರಬಹುದು. ಶೋಕಿಗಾಗಿ ಮುಂದೆ ದಪ್ಪ ಟೈರು ಹಾಕಿಸಿಕೊಂಡು ಬೇಸಿಗೆಯೆಲ್ಲ ಮೆರೆದೆ. ಮಳೆಗಾಲದಲ್ಲಿ ತೋಟದ ದಾರಿಯ ಕೆಂಪು ಮಣ್ಣು ಟೈರಿಗೂ ಮಡ್‌ಗಾರ್ಡಿಗೂ ನಡುವೆ ಮೆತ್ತಿಕೊಂಡು ಚಕ್ರವೇ ಹಿಡಿದುಕೊಂಡಿತು. ನಡಿಗೆಯ ವೇಗದಲ್ಲಿದ್ದೆನಾದ್ದರಿಂದ ಮೊಣಕಾಲು ತರಚಿದ್ದಷ್ಟೇ ಆಯಿತು. ತಪ್ಪು ಟೈರಿನದಲ್ಲ, ಸಂದಿ ಎಷ್ಟು ಉಳಿಯುತ್ತದೆಂದು ಅಳೆಯದ ನನ್ನದು.

ಈಗ ಜಾರುವುದರ ವಿಚಾರ. ಅಗಲದ ಟೈರು ಹಾಕಿದರೆ ನೆಲವನ್ನು ಹೆಚ್ಚು ಹಿಡಿಯುತ್ತದೆಂದು ಎಲ್ಲರೂ ತಿಳಿದಿದ್ದಾರೆ. ಆದರೆ ಟೈರು ನೆಲಕ್ಕೆ ತಾಗುವ ಜಾಗ ಎಷ್ಟೆಂಬುದನ್ನು ಬಹುಮಟ್ಟಿಗೆ ಮೇಲಿನ ಭಾರ ಮತ್ತು ಒಳಗಿನ ಗಾಳಿಯ ಒತ್ತಡ ತೀರ್ಮಾನಿಸುತ್ತವೆ; ಅಗಲ ಬದಲಾದರೆ ಆ ಜಾಗದ ಆಕಾರ ಬದಲಾಗುತ್ತದೆ. ನೀರು ನಿಂತ ರಸ್ತೆಯಲ್ಲಿ ಕಿರಿದಾದ ಟೈರೇ ನೀರನ್ನು ಸೀಳಿಕೊಂಡು ಹೋಗುವುದಕ್ಕೆ ಅನುಕೂಲ. ಒದ್ದೆ ರಸ್ತೆಯಲ್ಲಿ ಕಾಪಾಡುವುದು ರಬ್ಬರಿನ ಮೆದುತನ ಮತ್ತು ಗೀರುಗಳ ಆಳ. ಆದ್ದರಿಂದ ಟೈರಿನ ಪಕ್ಕದಲ್ಲಿ ಒಂದು ಚಿಕ್ಕ ಚೌಕಟ್ಟಿನೊಳಗೆ ಒತ್ತಿರುವ ನಾಲ್ಕು ಅಂಕಿಗಳನ್ನು ಹುಡುಕಲು ಹೇಳಿ: 2316 ಎಂದಿದ್ದರೆ 2016ರ ಇಪ್ಪತ್ತಮೂರನೆಯ ವಾರದಲ್ಲಿ ತಯಾರಾದದ್ದು. ಬೈಕಿನ ಜೊತೆ ಬಂದ ಟೈರೇ ಇನ್ನೂ ಇದ್ದರೆ ಗೀರು ಎಷ್ಟೇ ಉಳಿದಿರಲಿ, ರಬ್ಬರು ಕಲ್ಲಾಗಿರುತ್ತದೆ. ಉಗುರಿನಿಂದ ಒತ್ತಿದರೇ ಗೊತ್ತಾಗುತ್ತದೆ.

ಗಾಳಿಯನ್ನೂ ನೋಡಬೇಕು. ಹಳೆಯ ಕ್ಲಾಸಿಕ್‌ಗೆ ಹಿಂದಿನ ಚಕ್ರಕ್ಕಿಂತ ಮುಂದಿನದಕ್ಕೆ ಸಾಕಷ್ಟು ಕಡಿಮೆ ಒತ್ತಡ ಹೇಳಿದ್ದಾರೆ, ಆದರೆ ಬಂಕಿನ ಹುಡುಗರು ಕೇಳದೆ ಎರಡಕ್ಕೂ ಒಂದೇ ಲೆಕ್ಕದಲ್ಲಿ ತುಂಬಿಬಿಡುತ್ತಾರೆ. ಕೈಪಿಡಿಯಲ್ಲಿರುವ ಅಂಕಿಯನ್ನು ನೋಡಿ, ಬೆಳಿಗ್ಗೆ ಚಕ್ರ ತಣ್ಣಗಿರುವಾಗಲೇ ಹಾಕಿಸಲಿ.

ಹೊಸದನ್ನು ಕೊಳ್ಳುವುದಾದರೆ ಅದೇ 90/90-19 ಅಳತೆಯಲ್ಲಿ, ಇತ್ತೀಚಿನ ವಾರದ್ದನ್ನು, ಮಳೆಗೆ ಹೊಂದುವ ಗೀರಿನದನ್ನು ಕೇಳಿ ತರಲಿ. ಕಡ್ಡಿ ಚಕ್ರವಾದ್ದರಿಂದ ಟ್ಯೂಬನ್ನೂ ಜೊತೆಗೇ ಬದಲಾಯಿಸಲಿ, ಟೈರಿನ ಮೇಲಿರುವ ಬಾಣದ ಗುರುತು ಮುಂದಕ್ಕೇ ಉರುಳುವಂತೆ ಕೂರಿಸಿದ್ದಾರೆಯೇ ಎಂದು ಎದುರಿಗೆ ನಿಂತು ನೋಡಲಿ. ಹೊಸ ಟೈರಿನ ಮೇಲ್ಮೈ ನುಣುಪಾಗಿರುವುದರಿಂದ ಮೊದಲ ನೂರು ಕಿಲೋಮೀಟರ್ ಘಾಟಿಯ ಕಡೆಗೆ ಹೋಗುವುದು ಬೇಡ.

ಸದ್ಯಕ್ಕೆ ಆ ನಾಲ್ಕು ಅಂಕಿಗಳ ಮತ್ತು ರಿಮ್ಮಿನ ಮೇಲಿನ ಬರಹದ ಫೋಟೋ ತೆಗೆದು ಇಲ್ಲಿಗೇ ಹಾಕಲು ಹೇಳಿ, ನೋಡಿ ಸಂಜೆ ಹೇಳುತ್ತೇನೆ.