ಡೆಕ್ ಬೀಳಿಸಿದ್ದು ಯಾರು?

ನಮ್ಮ ಕಾಲೇಜು ಬ್ಯಾಚಿನ ಗುಂಪಿಗೆ ರಮೇಶ ಒಂದು ಫಾರ್ವರ್ಡ್ ಹಾಕಿದ. “ಪ್ರಪಂಚದಲ್ಲೇ ಮೊದಲ ಕಂಪ್ಯೂಟರ್ ಪಾಠ ನಡೆದದ್ದು 1962ರಲ್ಲಿ, ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದಲ್ಲಿ! ಕಷ್ಟಪಟ್ಟು ಕಲಿತ ಕಾಲ ಅದು. ಈಗಿನ ಮಕ್ಕಳಿಗೆ ತೋರಿಸಿ!!”

ಗೀತಾ: ಯಾರು ಬರೆದದ್ದು ಇದು?

ರಮೇಶ: ‘ಬಂದದ್ದನ್ನು ಕಳಿಸಿದ್ದೇನೆ’ ಅಂತ ಕೆಳಗೇ ಇದೆಯಲ್ಲ.

ಗೀತಾ: ಅದು ನುಣುಚಿಕೊಳ್ಳೋ ದಾರಿ. 1962ರಲ್ಲಿ ಪರ್ಡ್ಯೂನಲ್ಲಿ ಶುರುವಾಗಿದ್ದು ಕಂಪ್ಯೂಟರ್ ಸೈನ್ಸ್ ವಿಭಾಗ. ಅಮೆರಿಕದಲ್ಲಿ ಅದೇ ಮೊದಲನೆಯದು, ಒಪ್ಪಿದೆ. ಪಾಠ ಅದಕ್ಕಿಂತ ಹಳೆಯದು. ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ 1953ರಲ್ಲೇ ಒಂದು ವರ್ಷದ ಡಿಪ್ಲೊಮಾ ಶುರುವಾಗಿತ್ತು.

ರಮೇಶ: ಡಿಪ್ಲೊಮಾ ಎಲ್ಲ ಲೆಕ್ಕಕ್ಕಿಲ್ಲ.

ಇದೊಂದು ಮಾತು ಬೇಡವಾಗಿತ್ತು. ಯಾವತ್ತೂ ಬಾಯಿ ಬಿಡದ ಸುಧಾಕರ ಟೈಪ್ ಮಾಡೋಕೆ ಶುರು ಮಾಡಿದ.

ಸುಧಾಕರ: ಡಿಪ್ಲೊಮಾ ಮುಗಿಸಿ ಬಂದವನು ಅಂತ ಕ್ಲಾಸಲ್ಲಿ ನನ್ನನ್ನು ಆಡಿಕೊಂಡವರಲ್ಲಿ ನೀನೇ ಮುಂದಿದ್ದೆ. ನೆನಪಿದೆ.

ಮೂರ್ತಿ ಮೇಷ್ಟ್ರು: ಮೊದಲು ಯಾರು ಅನ್ನೋದು ಮುಖ್ಯವಲ್ಲ, ಶ್ರದ್ಧೆ ಮುಖ್ಯ. ಆಗ ವಿದ್ಯೆಗಾಗಿ ವಿದ್ಯೆ ಇತ್ತು. ಕಂಪನಿಗಳ ಆಮಿಷ ಇರಲಿಲ್ಲ.

ಗೀತಾ: ಸರ್, ಬೇಜಾರು ಮಾಡ್ಕೋಬೇಡಿ, ಆಮಿಷ ಆಗಲೂ ಇತ್ತು. ಐಬಿಎಂ ಕಂಪನಿ ತನ್ನ ‘650’ ಅನ್ನೋ ಕಂಪ್ಯೂಟರನ್ನು ಅಮೆರಿಕದ ಕಾಲೇಜುಗಳಿಗೆ ಶೇ 60ರವರೆಗೆ ರಿಯಾಯಿತಿಯಲ್ಲಿ ಕೊಡುತ್ತಿತ್ತು. ಷರತ್ತು ಏನು ಗೊತ್ತಾ? ವ್ಯವಹಾರದ ಲೆಕ್ಕಕ್ಕೊಂದು, ವಿಜ್ಞಾನದ ಲೆಕ್ಕಕ್ಕೊಂದು ಕೋರ್ಸ್ ನಡೆಸಬೇಕು. ಯಂತ್ರದ ಆಸೆಗೇ ಪಾಠ ಶುರು ಮಾಡಿದವರಿದ್ದಾರೆ.

ಇಡೀ ಚರ್ಚೆಯಲ್ಲಿ ಓದಬೇಕಾದ ಮೆಸೇಜ್ ಇದೊಂದೇ. ಅದಕ್ಕೆ ಹೆಬ್ಬೆರಳು ಒತ್ತಿದವನು ನಾನೊಬ್ಬನೇ.

ಪ್ರಕಾಶ: ಏನೇ ಹೇಳಿ, ಕಂಪ್ಯೂಟರ್ ಸೈನ್ಸ್ ಗಣಿತದವರ ಕೂಸು. 1964ರಲ್ಲಿ ಅಮೆರಿಕದ ಡಾರ್ಟ್‌ಮತ್ ಕಾಲೇಜಿನಲ್ಲಿ ಬೇಸಿಕ್ ಅನ್ನೋ ಪ್ರೋಗ್ರಾಂ ಭಾಷೆ ಮಾಡಿದ ಕೆಮೆನಿ, ಕರ್ಟ್ಸ್ ಇಬ್ಬರೂ ಗಣಿತದ ಮೇಷ್ಟ್ರುಗಳೇ. ವಿಜ್ಞಾನ ಓದದ ಹುಡುಗರೂ ಕಂಪ್ಯೂಟರಿಗೆ ಜೋಡಿಸಿದ ಟೈಪ್‌ರೈಟರಿನಂಥ ಟೆಲಿಟೈಪ್ ಮುಂದೆ ಕೂತು ಪ್ರೋಗ್ರಾಂ ಬರೆಯಲಿ ಅಂತ ಮಾಡಿದ್ದು.

ನಾಗರಾಜ: ಯಂತ್ರ ಕಟ್ಟಿದ್ದು ಯಾರಪ್ಪಾ? ಎಲೆಕ್ಟ್ರಾನಿಕ್ಸ್‌ನವರು ತಾನೇ?

ಗೀತಾ: ಆಗಲೂ ಇದೇ ಜಗಳ. ಇದೂ ಒಂದು ವಿಜ್ಞಾನವೇ ಅಂತ ಅಮೆರಿಕದ ಕಂಪ್ಯೂಟರ್ ವಿಜ್ಞಾನಿಗಳಾದ ನ್ಯೂವೆಲ್, ಪರ್ಲಿಸ್, ಸೈಮನ್ ಮೂವರೂ ಸೇರಿ 1967ರಲ್ಲಿ ‘ಸೈನ್ಸ್’ ಪತ್ರಿಕೆಗೆ ಬರೆಯಬೇಕಾಯಿತು. ಡಿಗ್ರಿಗೆ ಏನೇನು ಕಲಿಸಬೇಕು ಅಂತ ಕಂಪ್ಯೂಟರ್ ತಜ್ಞರ ಸಂಘ ಎಸಿಎಂ ಪಠ್ಯಕ್ರಮ ಕೊಟ್ಟದ್ದು 1968ರಲ್ಲಿ.

ನಾಗರಾಜ: ಅದೆಲ್ಲ ಬಿಡಿ, ತೂತು ಹೊಡೆದು ಪ್ರೋಗ್ರಾಂ ಬರೀತಿದ್ದ ಪಂಚ್ ಕಾರ್ಡ್ ನೆನಪಿದೆಯಾ? ಒಂದು ಕಾರ್ಡಿಗೆ ಒಂದೇ ಸಾಲು, 80 ಕಾಲಂ. ಡೆಕ್, ಅಂದರೆ ಆ ಕಾರ್ಡುಗಳ ಕಟ್ಟು, ಕೊಟ್ಟು ಬಂದರೆ ಮಾರನೇ ದಿನ ಪ್ರಿಂಟ್‌ಔಟ್. ಒಂದು ಕಾಮಾ ತಪ್ಪಿದ್ದರೆ ಮತ್ತೆ ಕ್ಯೂ. ಪ್ರಾಜೆಕ್ಟ್ ಕೊಡೋ ದಿನ ನನ್ನ ಡೆಕ್ ಮೆಟ್ಟಿಲ ತುಂಬಾ ಚೆಲ್ಲಿದ್ದು ಇದೇ ರಮೇಶ.

ರಮೇಶ: ನಾನಲ್ಲ. ಸುಧಾಕರ ಹಿಂದಿನಿಂದ ತಳ್ಳಿದ.

ಸುಧಾಕರ: ನಾನು ಅವತ್ತು ಕಾಲೇಜಿಗೇ ಬಂದಿರಲಿಲ್ಲ!

ಮೂರ್ತಿ ಮೇಷ್ಟ್ರು: ಹಾಜರಿ ಪುಸ್ತಕದಲ್ಲಿ ನೀನು ಇದ್ದೆಯಲ್ಲಪ್ಪ.

ಗೀತಾ: 73ರಿಂದ 80ರವರೆಗಿನ ಕಾಲಂನಲ್ಲಿ ಕ್ರಮಸಂಖ್ಯೆ ಪಂಚ್ ಮಾಡಿದ್ದರೆ ಚೆಲ್ಲಿದರೂ ಜೋಡಿಸಬಹುದಿತ್ತು. ನಾವು ಬರೀತಿದ್ದ ಫೋರ್ಟ್ರಾನ್ ಭಾಷೆ ಆ ಜಾಗ ಓದುತ್ತಲೇ ಇರಲಿಲ್ಲ. ಅವತ್ತೇ ಹೇಳಿದ್ದೆ.

ನಾಗರಾಜ: ಹೇಳಿದ್ದೆ. ಆದರೆ ಒಂದು ಕಾರ್ಡ್ ಆದ್ರೂ ಹೆಕ್ಕಿಕೊಟ್ಟೆಯಾ?