ಕಿಟೆಲರ ಹುಟ್ಟೂರು ರೆಸ್ಟರ್‌ಹಾಫೆ: ಯಾವ ರಾಜ್ಯಕ್ಕೆ ಸೇರಿದ್ದು, ಎಂಥ ನೆಲ?

ಕಕ್ಕಬೆಯ ಓದುಗ (ಪ್ರಶ್ನೆ):
ಊರಿನ ವಾಚನಾಲಯಕ್ಕಾಗಿ ಕನ್ನಡಕ್ಕೆ ದುಡಿದವರ ಪರಿಚಯ ಫಲಕಗಳನ್ನು ಸಿದ್ಧಪಡಿಸುತ್ತಿದ್ದೇವೆ. ನಿಘಂಟುಕಾರ ಫರ್ಡಿನಾಂಡ್ ಕಿಟೆಲರು ನಮ್ಮ ಮಡಿಕೇರಿಯಲ್ಲಿಯೂ ಕೆಲಸ ಮಾಡಿದವರಾದ್ದರಿಂದ ಅವರ ಫಲಕದಲ್ಲಿ ಯಾವ ತಪ್ಪೂ ಉಳಿಯಬಾರದೆಂಬುದು ನಮ್ಮ ಆಸೆ. ಅವರು 1832ರಲ್ಲಿ ರೆಸ್ಟರ್‌ಹಾಫೆ ಎಂಬ ಹಳ್ಳಿಯಲ್ಲಿ ಪಾದ್ರಿಯೊಬ್ಬರ ಮಗನಾಗಿ ಹುಟ್ಟಿದರೆಂದು ಓದಿದ್ದೇವೆ. ಆದರೆ ಆ ಹಳ್ಳಿಯನ್ನು ಒಂದು ಬರಹ ಹ್ಯಾನೋವರ್‌ಗೆ ಸೇರಿಸಿದರೆ ಇನ್ನೊಂದು ಪ್ರಷ್ಯಾಕ್ಕೆ ಸೇರಿಸುತ್ತದೆ. ಮತ್ತೊಂದು ಜರ್ಮನಿ ಎಂದಷ್ಟೇ ಹೇಳಿ ಮುಗಿಸುತ್ತದೆ. ಇದಲ್ಲದೆ, ನಮ್ಮ ಚಿತ್ರಕಾರರು ಫಲಕದ ಹಿನ್ನೆಲೆಗೆ ಪೈನ್ ಮರಗಳ ಬೆಟ್ಟ ಮತ್ತು ಕಣಿವೆಯನ್ನು ಬರೆಯಬೇಕೆಂದಿದ್ದಾರೆ. ಅದು ಸರಿಹೋಗುತ್ತದೆಯೇ? ಬಲ್ಲವರು ದಯವಿಟ್ಟು ತಿಳಿಸಬೇಕು.

ಭೂಪಟಪ್ರಿಯ:
ಬೆಟ್ಟವನ್ನು ಖಂಡಿತ ಬರೆಯಿಸಬೇಡಿ. ಕಿಟೆಲರನ್ನು ಇಲ್ಲಿಗೆ ಕಳುಹಿಸಿದ ಕ್ರೈಸ್ತ ಸಂಸ್ಥೆಯಾದ ಬಾಸೆಲ್ ಮಿಷನ್‌ನ ಬಹಳಷ್ಟು ಮಂದಿ ದಕ್ಷಿಣ ಜರ್ಮನಿಯ ವುರ್ಟೆಂಬರ್ಗ್‌ನವರು. ಕೊಡಗಿನಲ್ಲಿದ್ದ ಹರ್ಮನ್ ಮೋಗ್ಲಿಂಗರು ಹುಟ್ಟಿದ ಬ್ರಾಕನ್‌ಹೈಮ್ ಕೂಡ ಅಲ್ಲಿಯದೇ. ಹೀಗಾಗಿ ಕಿಟೆಲರನ್ನೂ ಅದೇ ಗುಡ್ಡಗಾಡಿನವರೆಂದು ಎಣಿಸುವುದು ರೂಢಿಯಾಗಿಬಿಟ್ಟಿದೆ. ರೆಸ್ಟರ್‌ಹಾಫೆ ಇರುವುದು ದೇಶದ ಇನ್ನೊಂದು ತುದಿಯಲ್ಲಿ, ಉತ್ತರ ಸಮುದ್ರದ ದಂಡೆಗೆ ಕೆಲವೇ ಕಿಲೋಮೀಟರ್ ಒಳಗೆ, ಪೂರ್ವ ಫ್ರೀಸ್‌ಲ್ಯಾಂಡ್‌ನ ಡೋರ್ನುಮ್ ಎಂಬ ಊರಿನ ಪಕ್ಕದಲ್ಲಿ. ಮಡಿಕೇರಿ ಸುಮಾರು 1,150 ಮೀಟರ್ ಎತ್ತರದಲ್ಲಿದೆ; ಪೂರ್ವ ಫ್ರೀಸ್‌ಲ್ಯಾಂಡ್‌ನ ಒಳನಾಡಿನಲ್ಲಿ 20 ಮೀಟರ್ ಎತ್ತರದ ದಿಬ್ಬ ಸಿಗುವುದೂ ಕಷ್ಟ.

ಅಲ್ಲಿನ ನೆಲದಲ್ಲಿ ಮೂರು ಬಗೆಗಳಿವೆ. ಕಡಲಿನ ಅಂಚಿಗೆ ಸಮುದ್ರವೇ ತಂದು ಹಾಸಿದ ಜಿಗುಟಾದ, ಫಲವತ್ತಾದ ಜೇಡಿಮಣ್ಣು, ಅದರ ಹಿಂದೆ ತುಸು ಎತ್ತರದ ಮರಳುನೆಲ, ಅಲ್ಲಲ್ಲಿ ಕೊಳೆತ ಸಸ್ಯಗಳು ಪದರಗಟ್ಟಿದ ಜೌಗು. ಒಡ್ಡುಗಳಿಲ್ಲದಿದ್ದ ಕಾಲದಲ್ಲಿ ಕರಾವಳಿಯ ಜನ ಮಣ್ಣು ಮತ್ತು ಸಗಣಿಯನ್ನು ತಲೆಮಾರುಗಟ್ಟಲೆ ಪೇರಿಸಿ ದಿಣ್ಣೆಗಳನ್ನು ಕಟ್ಟಿ, ಅವುಗಳ ಮೇಲೆ ಮನೆಗಳನ್ನೂ ಮುಂದೆ ಇಟ್ಟಿಗೆಯ ಚರ್ಚುಗಳನ್ನೂ ಎಬ್ಬಿಸಿದರು. ಸುಮಾರು ಸಾವಿರ ವರ್ಷಗಳ ಹಿಂದೆ ಕಡಲಿಗೆ ಅಡ್ಡಲಾಗಿ ಒಡ್ಡು ಹಾಕುವ ಕೆಲಸ ಶುರುವಾಯಿತು. ಒಡ್ಡು ಕಟ್ಟಿದ ಮೇಲೆ ಒಳಗಿನ ಮಳೆನೀರನ್ನು ಹೊರಹಾಕಬೇಕಲ್ಲ, ಅದಕ್ಕೆ ತೂಬಿನ ಬಾಗಿಲುಗಳನ್ನು ಕೂರಿಸಿದರು: ಇಳಿತದ ಹೊತ್ತಿನಲ್ಲಿ ಒಳನೀರಿನ ಒತ್ತಡಕ್ಕೆ ಬಾಗಿಲು ತಾನಾಗಿ ತೆರೆಯುತ್ತದೆ, ಭರತ ಏರಿದಾಗ ಕಡಲೇ ಅದನ್ನು ಒತ್ತಿ ಮುಚ್ಚುತ್ತದೆ. ಡೋರ್ನುಮ್‌ನ ಬಂದರು ಡೋರ್ನುಮರ್‌ಸೀಲ್ ಬೆಳೆದದ್ದು ಇಂಥ ತೂಬಿನ ಬದಿಯಲ್ಲಿಯೇ. ಇಷ್ಟೆಲ್ಲ ಇದ್ದೂ 1717ರ ಕ್ರಿಸ್‌ಮಸ್ ರಾತ್ರಿ ಒಡ್ಡುಗಳು ಒಡೆದು, ಉತ್ತರ ಸಮುದ್ರದ ತೀರದುದ್ದಕ್ಕೂ 10,000ಕ್ಕಿಂತ ಹೆಚ್ಚು ಜನ ಸತ್ತರು. ಡೋರ್ನುಮ್‌ನ ಕರಾವಳಿಗೂ ಆಗ ಭಾರೀ ಹೊಡೆತ ಬಿತ್ತು.

ಹಳೆಯ ದಾಖಲೆ:
ಆಳಿದವರ ವಿಷಯಕ್ಕೆ ಬಂದರೆ, ನೀವು ಓದಿದ ಮೂರು ಬರಹಗಳೂ ಒಂದೊಂದು ಕಾಲಕ್ಕೆ ಸರಿ. ಮಧ್ಯಯುಗದ ಫ್ರೀಸಿಯನ್ನರು ಪಾಳೇಗಾರಿಕೆಯನ್ನು ಒಪ್ಪದೆ, ಔರಿಖ್ ಬಳಿಯ ಉಪ್‌ಸ್ಟಾಲ್ಸ್‌ಬೋಮ್ ಎಂಬಲ್ಲಿ ನಾಡುನಾಡುಗಳ ಪ್ರತಿನಿಧಿಗಳನ್ನು ಕೂಡಿಸಿ ತಮ್ಮ ವ್ಯವಹಾರವನ್ನು ತಾವೇ ತೀರ್ಮಾನಿಸಿಕೊಳ್ಳುತ್ತಿದ್ದರು. ನಾಡುನಾಡು ಸೇರಿ ಕೂರುವ ಪದ್ಧತಿಯನ್ನು ಕೊಡಗಿನವರಿಗೆ ವಿವರಿಸಬೇಕಾಗಿಲ್ಲ. 14ನೆಯ ಶತಮಾನದ ಹೊತ್ತಿಗೆ ಸ್ಥಳೀಯ ಮುಖಂಡರು ಬಲಿತು ಕೋಟೆಮನೆಗಳನ್ನು ಕಟ್ಟಿಕೊಂಡರು; ಡೋರ್ನುಮ್ ಒಂದರಲ್ಲಿಯೇ ಅಂಥ ಮೂರು ಇದ್ದವು. 1464ರಲ್ಲಿ ಸಿರ್ಕ್‌ಸೇನಾ ಮನೆತನಕ್ಕೆ ಕೌಂಟ್ ಪದವಿ ದಕ್ಕಿತು. 1744ರಲ್ಲಿ ಆ ವಂಶ ನಿಂತುಹೋದಾಗ ನಾಡು ಪ್ರಷ್ಯಾಕ್ಕೆ ಸೇರಿತು. ನೆಪೋಲಿಯನ್ ಕಾಲದಲ್ಲಿ ಕೆಲವು ವರ್ಷ ಹಾಲೆಂಡ್ ಮತ್ತು ಫ್ರಾನ್ಸ್‌ಗಳ ಕೈಯಲ್ಲಿದ್ದು, 1815ರಲ್ಲಿ ಹ್ಯಾನೋವರ್‌ನ ಪಾಲಾಯಿತು.

ಆದ್ದರಿಂದ 1832ರಲ್ಲಿ ಹುಟ್ಟಿದ ಕಿಟೆಲರು ಹ್ಯಾನೋವರ್ ರಾಜ್ಯದ ಪ್ರಜೆ. ಅದಾಗಿ ಎರಡು ವರ್ಷಕ್ಕೆ, 1834ರಲ್ಲಿ, ಚಿಕ್ಕವೀರರಾಜೇಂದ್ರನನ್ನು ಇಳಿಸಿ ಇಂಗ್ಲಿಷರು ಕೊಡಗನ್ನು ತೆಗೆದುಕೊಂಡರು. 1853ರಲ್ಲಿ ಕಿಟೆಲರು ಭಾರತಕ್ಕೆ ಬಂದರು. ಅವರು ಇಲ್ಲಿರುವಾಗಲೇ, 1866ರಲ್ಲಿ, ಪ್ರಷ್ಯಾ ಹ್ಯಾನೋವರನ್ನು ನುಂಗಿತು. ಅಂದರೆ ಅವರು ಬಿಟ್ಟುಬಂದ ರಾಜ್ಯವೇ ಇಲ್ಲವಾಯಿತು. ಜರ್ಮನ್ ಸಾಮ್ರಾಜ್ಯ ಹುಟ್ಟಿದ್ದು 1871ರಲ್ಲಿ. ಈಗಿನ ಲೋವರ್ ಸ್ಯಾಕ್ಸನಿ ರಾಜ್ಯ ರೂಪುಗೊಂಡದ್ದು 1946ರಲ್ಲಿ, ನಮ್ಮ ಕೊಡಗು ಮೈಸೂರು ರಾಜ್ಯದಲ್ಲಿ ವಿಲೀನವಾಗುವುದಕ್ಕೆ ಹತ್ತು ವರ್ಷ ಮೊದಲು.

ಕಕ್ಕಬೆಯ ಓದುಗ:
ಇಬ್ಬರಿಗೂ ಕೃತಜ್ಞತೆಗಳು. ಹಾಗಾದರೆ ಚಿತ್ರದಲ್ಲಿ ಏನನ್ನು ತೋರಿಸಬಹುದು? ಅಲ್ಲಿನ ಜನಜೀವನದ ಬಗ್ಗೆಯೂ ಒಂದೆರಡು ಮಾತು ಬೇಕಾಗಿತ್ತು.

ಏಲಕ್ಕಿತೋಟ:
ಅಗಲವಾದ ಆಕಾಶ, ಅದರ ಕೆಳಗೆ ಮಟ್ಟಸವಾದ ಹುಲ್ಲುಗಾವಲು, ನೇರವಾದ ಕಾಲುವೆಗಳು, ಮೇಯುವ ದನಗಳು, ದಿಣ್ಣೆಯ ಮೇಲೊಂದು ಕೆಂಪಿಟ್ಟಿಗೆಯ ಚರ್ಚು: ಇಷ್ಟು ಸಾಕು. ಆ ಸೀಮೆಯ ಎಷ್ಟೋ ಹಳೆಯ ಚರ್ಚುಗಳಲ್ಲಿ ಗಂಟೆಗೋಪುರವನ್ನು ಕಟ್ಟಡಕ್ಕೆ ಅಂಟಿಸದೆ ಬೇರೆಯಾಗಿಯೇ ಕಟ್ಟಿರುತ್ತಾರೆ. ದಡದಾಚೆ, ಇಳಿತದಲ್ಲಿ ಮೈಲುಗಟ್ಟಲೆ ಕೆಸರು ಬಯಲಾಗುವ ಆಳವಿಲ್ಲದ ಕಡಲಿದೆ. ಅದರಾಚೆಗೆ ಬಾಲ್ಟ್ರುಮ್, ಲಾಂಗೆಓಗ್ ಎಂಬ ಮರಳುದ್ವೀಪಗಳಿವೆ.

ಹೈನುಗಾರಿಕೆ ಅಲ್ಲಿನವರ ಹಳೆಯ ಕಸುಬು. ಕುಡಿಯುವುದು ಮಾತ್ರ ಕಾಫಿಯಲ್ಲ, ಚಹಾ. ಅಸ್ಸಾಮಿನ ಎಲೆಯೇ ಹೆಚ್ಚಾಗಿರುವ ಕಡು ಮಿಶ್ರಣ. ಬಟ್ಟಲಿಗೆ ಮೊದಲು ಕಲ್ಲುಸಕ್ಕರೆಯ ತುಂಡು ಹಾಕಿ, ಅದು ಚಟಚಟ ಸದ್ದು ಮಾಡುವಂತೆ ಬಿಸಿ ಚಹಾ ಸುರಿದು, ಅಂಚಿನಿಂದ ಕೆನೆ ಇಳಿಸುತ್ತಾರೆ; ಕಲಕುವುದಿಲ್ಲ. ಕಾಫಿನಾಡಿನ ಮಕ್ಕಳು ಇದನ್ನು ಇಷ್ಟಪಟ್ಟು ಓದುತ್ತಾರೆಂದು ನನ್ನ ನಂಬಿಕೆ.

ಫಲಕಕ್ಕೆ ಹೀಗೆ ಬರೆಯಬಹುದು: "ಹುಟ್ಟು: 1832, ರೆಸ್ಟರ್‌ಹಾಫೆ, ಪೂರ್ವ ಫ್ರೀಸ್‌ಲ್ಯಾಂಡ್, ಆಗ ಹ್ಯಾನೋವರ್ ರಾಜ್ಯ, ಈಗ ಜರ್ಮನಿಯ ಲೋವರ್ ಸ್ಯಾಕ್ಸನಿ ರಾಜ್ಯದ ಔರಿಖ್ ಜಿಲ್ಲೆ." ನಿಘಂಟಿನ ವರ್ಷ 1894 ಎಂಬುದನ್ನು ಅದರ ಕೆಳಗಿನ ಸಾಲಿನಲ್ಲಿ ಸೇರಿಸಿ.