1966ರ ಮಸ್ಟಾಂಗ್, ಆರು ಸಿಲಿಂಡರ್: ಕಾರ್ಬೊರೇಟರ್ ಬದಲಿಸಿದವರು ಇದ್ದೀರಾ?

ಕೇಳಿದವರು, ಆಸ್ಟಿನ್, ಟೆಕ್ಸಾಸ್

ಎಲ್ಲರಿಗೂ ನಮಸ್ಕಾರ. ಹೋದ ವರ್ಷ 1966ರ ಫೋರ್ಡ್ ಮಸ್ಟಾಂಗ್ ತಗೊಂಡೆ. ವಿ8 ಅಲ್ಲ, 200 ಕ್ಯುಬಿಕ್ ಇಂಚಿನ, ಅಂದರೆ 3.3 ಲೀಟರಿನ ಸಿಕ್ಸ್. ಮೂರು ಗೇರು. ನೋಡೋಕೆ ಚೆಂದ, ಆದರೆ ಹೈವೇಗೆ ಸೇರುವಾಗ ಹಿಂದಿನ ಲಾರಿಯವನು ಹಾರ್ನ್ ಒತ್ತುತ್ತಲೇ ಇರುತ್ತಾನೆ. ಈಗಿರುವುದು ಒಂದೇ ಬ್ಯಾರೆಲ್‌ನ, ಅಂದರೆ ಗಾಳಿ ಹೋಗುವ ಒಂದೇ ಕೊಳವೆಯ, ಆಟೋಲೈಟ್ 1100 ಕಾರ್ಬೊರೇಟರ್. ಅದನ್ನು ತೆಗೆದು ಎರಡು ಬ್ಯಾರೆಲ್‌ನ ವೆಬರ್ 32/36 ಹಾಕಿದರೆ ಪವರ್ ಬರುತ್ತಾ? ಇಲ್ಲಾ ನಾಲ್ಕು ಬ್ಯಾರೆಲ್‌ನ ಹೋಲಿಯನ್ನೇ ಹಾಕಿಬಿಡಲಾ? 600 ಡಾಲರ್ ಒಳಗೆ ಮುಗಿಯಬೇಕು. ಮಾಡಿದವರು ಹೇಳಿ.

ಸ್ಯಾನ್ ಹೋಸೆಯಿಂದ

ನಾನು ಇದೇ ಇಂಜಿನ್‌ಗೆ ವೆಬರ್ ಹಾಕಿ ಮೂರು ತಿಂಗಳು ತಲೆ ಕೆಡಿಸಿಕೊಂಡವನು. ಅದಕ್ಕೇ ಮೊದಲು ತಡೀತೀನಿ: ಕಾರ್ಬೊರೇಟರ್ ಆರ್ಡರ್ ಮಾಡಬೇಡಿ, ಡಿಸ್ಟ್ರಿಬ್ಯೂಟರ್ ನೋಡಿ. ನಮ್ಮೂರ ಗ್ಯಾರೇಜಿನಲ್ಲಿ ಡೆಲ್ಕೊ ಅಂತಾರಲ್ಲ, ಪ್ಲಗ್‌ಗಳಿಗೆ ಕಿಡಿ ಹಂಚುವುದು, ಅದು.

1967ರವರೆಗಿನ ಈ ಸಿಕ್ಸ್‌ಗಳಲ್ಲಿ ಇರುವುದು ಲೋಡ್-ಓ-ಮ್ಯಾಟಿಕ್ ಅನ್ನುವ ಡೆಲ್ಕೊ. ಸಾಮಾನ್ಯವಾಗಿ ಡೆಲ್ಕೊ ಒಳಗೆ ಎರಡು ತೂಕ ಇರುತ್ತವೆ, ಇಂಜಿನ್ ಜೋರಾಗಿ ತಿರುಗಿದಾಗ ಅವು ಹೊರಗೆ ಸರಿದು ಟೈಮಿಂಗ್ ಮುಂದಕ್ಕೆ ಹೋಗುತ್ತದೆ, ಅಂದರೆ ಕಿಡಿ ಸ್ವಲ್ಪ ಬೇಗ ಹಾರುತ್ತದೆ. ಇದರಲ್ಲಿ ತೂಕವೇ ಇಲ್ಲ. ಪೂರ್ತಿ ವ್ಯಾಕ್ಯೂಮ್ ಮೇಲೆ, ಅಂದರೆ ಇಂಜಿನ್ ಗಾಳಿ ಎಳೆಯುವ ಸೆಳೆತದ ಮೇಲೆ, ನಡೆಯುತ್ತದೆ, ಆ ವ್ಯಾಕ್ಯೂಮ್‌ನ ಲೆಕ್ಕ ಹಾಕಿ ಕಳಿಸುವುದು ಆಟೋಲೈಟ್ 1100ರ ಪಕ್ಕದಲ್ಲಿರುವ ಒಂದು ಪುಟ್ಟ ವಾಲ್ವ್. ಕಾರ್ಬೊರೇಟರ್, ಡೆಲ್ಕೊ ಎರಡೂ ಗಂಡ ಹೆಂಡತಿ ಇದ್ದ ಹಾಗೆ. ವೆಬರ್‌ನಲ್ಲಿ ಆ ವಾಲ್ವ್ ಇಲ್ಲ. ನಾನು ಅದರ ವ್ಯಾಕ್ಯೂಮ್ ಪೈಪನ್ನು ಹಳೇ ಡೆಲ್ಕೊಗೆ ಸಿಕ್ಕಿಸಿ ಹೊರಟೆ. ಪೆಡಲ್ ತುಳಿದಷ್ಟೂ ವ್ಯಾಕ್ಯೂಮ್ ಬಿದ್ದುಹೋಗುತ್ತದೆ, ಟೈಮಿಂಗ್ ಹಿಂದಕ್ಕೆ ಬರುತ್ತದೆ, ಪವರ್ ಬೇಕಾದ ಹೊತ್ತಿಗೇ ಗಾಡಿ ಮಲಗುತ್ತದೆ. ನಾನೋ ಜೆಟ್ (ಪೆಟ್ರೋಲ್ ಅಳೆದು ಬಿಡುವ ತೂತು) ತಪ್ಪಿರಬೇಕು ಅಂದುಕೊಂಡು ಜೆಟ್ ಮೇಲೆ ಜೆಟ್ ಬದಲಿಸುತ್ತಾ ಕೂತಿದ್ದೆ! 1968ರ ನಂತರದ, ತೂಕ ಇರುವ ಡೆಲ್ಕೊ ಹಾಕಿದ ದಿನ ಗಾಡಿ ಬೇರೆಯೇ ಆಯಿತು.

ವೆಬರ್ ಬಗ್ಗೆ ನನಗೆ ಬೇಜಾರಿಲ್ಲ. ಮೊದಲು 32 ಮಿ.ಮೀ. ಬ್ಯಾರೆಲ್ ಒಂದೇ ತೆರೆಯುತ್ತದೆ, ಜಾಸ್ತಿ ತುಳಿದಾಗ ಮಾತ್ರ 36ರದ್ದು ಜೊತೆಯಾಗುತ್ತದೆ. ಊರೊಳಗೆ ನಯವಾಗಿ ಹೋಗುತ್ತದೆ. ಆದರೆ ಇದಕ್ಕೆ ಪೆಟ್ರೋಲ್ ಒತ್ತಡ 3 ಪಿಎಸ್‌ಐ ಆಸುಪಾಸು ಸಾಕು. ನನ್ನ ಹಳೇ ಪಂಪು ಐದರ ಮೇಲೆ ಕೊಡುತ್ತಿತ್ತು, ಪೆಟ್ರೋಲ್ ಮಟ್ಟ ಕಾಯುವ ಫ್ಲೋಟ್ ನಿಲ್ಲದೆ ಪೆಟ್ರೋಲ್ ಉಕ್ಕಿ ಮ್ಯಾನಿಫೋಲ್ಡ್ ಮೇಲೆಲ್ಲ ಹರಿಯಿತು. ಕೆಳಗೇ ಬಿಸಿ ಎಕ್ಸಾಸ್ಟ್, ನೆನೆಸಿಕೊಂಡರೆ ಈಗಲೂ ಮೈ ಜುಂ ಅನ್ನುತ್ತೆ. ರೆಗ್ಯುಲೇಟರ್ ಹಾಕದೆ ಸ್ಟಾರ್ಟ್ ಮಾಡಲೇಬೇಡಿ. ಆಕ್ಸಿಲರೇಟರ್ ಕಡ್ಡಿಯೂ ಹೊಂದುವುದಿಲ್ಲ, ನಾನು ಕೇಬಲ್‌ಗೆ ಬದಲಿಸಿದೆ.

ಕ್ಯಾಲಿಫೋರ್ನಿಯಾದಲ್ಲಿ 1975 ಮತ್ತು ಅದಕ್ಕೂ ಹಳೇ ಮಾಡೆಲ್‌ಗಳಿಗೆ ಹೊಗೆ ತಪಾಸಣೆ ಇಲ್ಲ, ಹಾಗಾಗಿ ಆ ತಲೆನೋವು ನನಗಿರಲಿಲ್ಲ.

ಡೆಟ್ರಾಯಿಟ್ ಹತ್ತಿರದಿಂದ

ನಾಲ್ಕು ಬ್ಯಾರೆಲ್ ಯೋಚನೆ ಇವತ್ತೇ ಬಿಡಿ. ಲೆಕ್ಕ ಸುಲಭ. ಈ ಇಂಜಿನ್‌ನ 120 ಎಚ್‌ಪಿ ಬರುವುದು 4400 ಆರ್‌ಪಿಎಂನಲ್ಲಿ. 200ನ್ನು 4400ರಿಂದ ಗುಣಿಸಿ 3456ರಿಂದ ಭಾಗಿಸಿ: ಸುಮಾರು 255 ಸಿಎಫ್‌ಎಂ, ಅಂದರೆ ನಿಮಿಷಕ್ಕೆ ಅಷ್ಟು ಘನ ಅಡಿ ಗಾಳಿ. ಸಿಲಿಂಡರ್ ಪೂರ್ತಿ ತುಂಬುವುದಿಲ್ಲ, ಶೇ. 80 ಅಂತ ಹಿಡಿದರೆ 200ರ ಮೇಲೆ ಸ್ವಲ್ಪ. ಇಷ್ಟು ಕುಡಿಯುವ ಇಂಜಿನ್‌ಗೆ 600ರ ಹೋಲಿ ಕೂರಿಸಿದರೆ ಒಳಗೆ ಗಾಳಿಯ ವೇಗವೇ ಇರುವುದಿಲ್ಲ, ಪೆಟ್ರೋಲ್ ಸರಿಯಾಗಿ ಸೆಳೆಯುವುದಿಲ್ಲ, ಪಿಕಪ್ ಇನ್ನೂ ಕೆಡುತ್ತದೆ. ಇನ್ನೊಂದು, ಎರಡು ಬ್ಯಾರೆಲ್‌ನವನ್ನು 3 ಇಂಚು (ಪಾದರಸ) ವ್ಯಾಕ್ಯೂಮ್‌ನಲ್ಲೂ ನಾಲ್ಕು ಬ್ಯಾರೆಲ್‌ನವನ್ನು ಒಂದೂವರೆ ಇಂಚಿನಲ್ಲೂ ಅಳೆಯುವುದು ರೂಢಿ. ಹಾಗಾಗಿ 350 ಅಂತ ಬರೆದ ಎರಡು ಬ್ಯಾರೆಲ್ ಆ ಲೆಕ್ಕದಲ್ಲಿ 250ರ ಹತ್ತಿರ. ನಿಮಗೆ ಅದೇ ಧಾರಾಳ.

ನಾನು ಹಾಕಿರುವುದು ಹಳೇ ಫೋರ್ಡ್ ವಿ8ನಿಂದ ಕಿತ್ತ ಆಟೋಲೈಟ್ 2100, 1.08 ಇಂಚಿನ ವೆಂಚುರಿಯದು (ಒಳಗಿನ ಕಿರಿದಾದ ಕೊರಳು), 287 ಸಿಎಫ್‌ಎಂ. ಜಂಕ್‌ಯಾರ್ಡ್ ಮಾಲು, ರಿಪೇರಿ ಕಿಟ್ ಹಾಕಿ ಕೂರಿಸಿದೆ. ವೆಬರ್‌ನ ಅಂದ ಇಲ್ಲ, ಕೆಲಸಕ್ಕೆ ಮೋಸ ಇಲ್ಲ.

ಆದರೆ ನಿಜವಾದ ಇಕ್ಕಟ್ಟು ಕಾರ್ಬೊರೇಟರ್‌ದಲ್ಲ, ಅದರ ಕೆಳಗಿನದು. ಈ ಇಂಜಿನ್‌ನಲ್ಲಿ ಗಾಳಿ-ಪೆಟ್ರೋಲನ್ನು ಸಿಲಿಂಡರ್‌ಗಳಿಗೆ ಹಂಚುವ ಇನ್‌ಟೇಕ್ ಮ್ಯಾನಿಫೋಲ್ಡ್ ಬೇರೆ ಇಲ್ಲ, ಹೆಡ್ ಜೊತೆಗೇ ಎರಕ ಹೊಯ್ದಿದ್ದಾರೆ, ಮರದ ದಿಮ್ಮಿ ಥರ. ಮೇಲೆ ಎಷ್ಟೇ ಅಗಲದ್ದು ಕೂರಿಸಿದರೂ ಅಡಾಪ್ಟರ್ ಮೂಲಕ ಅದೇ ಒಂದು ತೂತಿಗೆ ಇಳಿಯಬೇಕು. ಪಾತ್ರೆ ಬದಲಿಸಿದರೆ ಲಾಳಿಕೆ ಅಗಲವಾಗುತ್ತಾ? ಮುಂದೆ ಯಾವಾಗಲಾದರೂ ಹೆಡ್ ಬಿಚ್ಚಿದರೆ, ದಿಮ್ಮಿ ದೊಡ್ಡದಿರುವ 70ರ ದಶಕದ ಹೆಡ್ ಹುಡುಕಿ. ಅದರ ತಲೆ ಮಿಷನ್‌ನಲ್ಲಿ ಸಪಾಟು ಮಾಡಿಸಿ ಎರಡು ಬ್ಯಾರೆಲ್‌ನ್ನು ನೇರವಾಗಿ ಕೂರಿಸುತ್ತಾರೆ. ಆಸ್ಟ್ರೇಲಿಯಾದವರು ಮ್ಯಾನಿಫೋಲ್ಡ್ ಬಿಚ್ಚಬಹುದಾದ ಹೆಡ್ಡನ್ನೇ ಮಾಡಿದ್ದರು, ಸಿಕ್ಕವರು ಪುಣ್ಯವಂತರು. 600 ಡಾಲರ್‌ನಲ್ಲಿ ಅದೆಲ್ಲ ಆಗುವ ಮಾತಲ್ಲ ಬಿಡಿ.

ಡೆನ್ವರ್‌ನಿಂದ

ಮಾರಾಯ್ರೆ, ಇಷ್ಟೆಲ್ಲ ಮಾಡುವ ಮುಂಚೆ ಒಂದು ಕೆಲಸ ಮಾಡಿ. ಇಂಜಿನ್ ಆಫ್ ಮಾಡಿ, ಏರ್ ಕ್ಲೀನರ್ ತೆಗೆದು, ಯಾರನ್ನಾದರೂ ಒಳಗೆ ಕೂರಿಸಿ ಪೆಡಲ್ ಪೂರ್ತಿ ತುಳಿಸಿ. ಟಾರ್ಚ್ ಬಿಟ್ಟು ಕಾರ್ಬೊರೇಟರ್ ಒಳಗೆ ನೋಡಿ. ನನ್ನದರಲ್ಲಿ ಥ್ರಾಟಲ್ ಪ್ಲೇಟ್ ಮುಕ್ಕಾಲು ಮಾತ್ರ ತೆರೆಯುತ್ತಿತ್ತು, ಹೊಸದಾಗಿ ಹಾಸಿದ ದಪ್ಪ ಕಾರ್ಪೆಟ್ ಅಡ್ಡ! ಖರ್ಚಿಲ್ಲದೆ ಕಾಲು ಭಾಗ ಕಾರ್ಬೊರೇಟರ್ ವಾಪಸ್ ಸಿಕ್ಕಿತು.

ನಾನು 1100ನ್ನೇ ಇಟ್ಟುಕೊಂಡಿದ್ದೇನೆ. ಎಥೆನಾಲ್ ಸೇರಿದ ಪೆಟ್ರೋಲ್‌ಗೆ ಪಂಪಿನ ಹಳೇ ಡಯಾಫ್ರಮ್ (ರಬ್ಬರ್ ಪರದೆ) ಬಿರಿದಿತ್ತು, ಕಿಟ್ ಹಾಕಿದೆ. ಇಲ್ಲಿ 1600 ಮೀಟರ್ ಎತ್ತರ, ಗಾಳಿ ತೆಳು, ಜೆಟ್ ಒಂದೆರಡು ಸೈಜ್ ಚಿಕ್ಕದು ಮಾಡಿದ ಮೇಲೆ ಪ್ಲಗ್ ಕಪ್ಪಾಗುವುದು ನಿಂತಿತು. ಗಾಳಿ ಎಳೆಯುತ್ತಿದೆಯಾ ಅಂತಲೂ ನೋಡಿ. ನಮ್ಮಪ್ಪ ಪುತ್ತೂರಿನಲ್ಲಿ ಅಂಬಾಸಿಡರ್ ಇಟ್ಟುಕೊಂಡಿದ್ದರು, ಐಡಲ್ ಏರುಪೇರಾದರೆ ಮೊದಲು ಕೈ ಹೋಗುತ್ತಿದ್ದುದು ಕಾರ್ಬೊರೇಟರ್ ಬುಡದ ಪ್ಯಾಕಿಂಗ್‌ಗೆ, ಆಮೇಲೆ ಸ್ಕ್ರೂಗೆ. ಅಡಾಪ್ಟರ್ ಹಾಕಿದಿರೆಂದರೆ ಆ ಪ್ಯಾಕಿಂಗ್ ಒಂದಿದ್ದದ್ದು ಎರಡಾಗುತ್ತದೆ, ಗಾಳಿ ಎಳೆಯುವ ಜಾಗವೂ ಎರಡು.

ಸ್ಯಾನ್ ಹೋಸೆಯಿಂದ, ಮತ್ತೆ

ಕಾರ್ಪೆಟ್ ಮಾತು ನಿಜ, ನಗಬೇಡಿ. ಆದರೆ 1100 ಇಟ್ಟುಕೊಂಡರೂ ಸಾಕು ಅನ್ನುವುದಕ್ಕೆ ನನ್ನ ಒಪ್ಪಿಗೆ ಇಲ್ಲ. ಹೈವೇಯಲ್ಲಿ 55 ಮೈಲಿಯಿಂದ ಮೇಲೆ ವೆಬರ್‌ನ ವ್ಯತ್ಯಾಸ ಚೆನ್ನಾಗಿ ಗೊತ್ತಾಗುತ್ತದೆ. ವಿ8 ಆಗುತ್ತೆ ಅಂತ ಮಾತ್ರ ಕನಸು ಕಾಣಬೇಡಿ.

ಕೇಳಿದವರು, ಎರಡು ವಾರದ ನಂತರ

ಎಲ್ಲರಿಗೂ ಥ್ಯಾಂಕ್ಸ್. ಪೆಡಲ್ ಪರೀಕ್ಷೆ ಮಾಡಿದೆ, ಪೂರ್ತಿ ತೆರೆಯುತ್ತದೆ. ಆಮೇಲೆ ಡೆಲ್ಕೊ ಕ್ಯಾಪ್ ಬಿಚ್ಚಿದೆ. ನೀವು ಹೇಳಿದ ಹಾಗೆ ಒಳಗೆ ತೂಕ ಇಲ್ಲ. ಅದರ ವ್ಯಾಕ್ಯೂಮ್ ಪೈಪನ್ನು ಬಾಯಲ್ಲಿಟ್ಟು ಎಳೆದೆ, ಸಲೀಸಾಗಿ ಗಾಳಿ ಬಂತು, ಪ್ಲೇಟ್ ಅಲ್ಲಾಡಲೇ ಇಲ್ಲ. ಡಯಾಫ್ರಮ್ ಹರಿದುಹೋಗಿದೆ. ಅಂದರೆ ತಗೊಂಡಾಗಿನಿಂದ ಟೈಮಿಂಗ್ ಒಂದು ಚೂರೂ ಮುಂದೆ ಹೋಗದೆ ಗಾಡಿ ಓಡಿಸಿದ್ದೇನೆ! 1968ರ ಮಾದರಿಯ ಡೆಲ್ಕೊಗೆ ದುಡ್ಡು ಕಟ್ಟಿದ್ದೇನೆ, ಶುಕ್ರವಾರ ಬರುತ್ತದೆ. ಅದರ ಜೊತೆ 1100ರ ಆ ವಾಲ್ವ್‌ನ ಪೈಪ್ ಸಿಕ್ಕಿಸಬಹುದಾ, ಇಲ್ಲಾ ಮುಚ್ಚಿಬಿಡಬೇಕಾ?